ವೃಷಭಾವತಿಗೆ ಬೇಕಾದ ಅಳತೆ

ಬೆಂಗಳೂರಿನ ವೃಷಭಾವತಿ ನದಿಯ ಬಗ್ಗೆ ನಮ್ಮಲ್ಲಿ ಒಂದು ಅಭಿಪ್ರಾಯ ಬೇರೂರಿದೆ. ನದಿ ಕೆಟ್ಟಿದೆ, ಎಷ್ಟು ಕೆಟ್ಟಿದೆ ಎಂಬುದಕ್ಕೆ ಲೆಕ್ಕವೂ ಇದೆ, ಇನ್ನು ಬೇಕಿರುವುದು ಕ್ರಮ ಕೈಗೊಳ್ಳುವ ಇಚ್ಛಾಶಕ್ತಿ ಮಾತ್ರ ಎಂಬುದು ಅದು. ಬೇರೆಲ್ಲದರಲ್ಲೂ ಜಗಳವಾಡುವ ಅಧಿಕಾರಿಗಳು ಮತ್ತು ಹೋರಾಟಗಾರರು ಇದೊಂದರಲ್ಲಿ ಒಮ್ಮತದಲ್ಲಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮಲ್ಲಿರುವ ಲೆಕ್ಕ ಯಾವುದೋ ಒಂದು ದಿನ, ಕಚೇರಿ ವೇಳೆಯಲ್ಲಿ, ಸೇತುವೆಯ ಕೆಳಗಿಂದ ಎತ್ತಿದ ಒಂದೆರಡು ಲೀಟರ್ ನೀರಿನದು. ಅದನ್ನು ನದಿಯ ಲೆಕ್ಕವೆಂದು ನಂಬಿದ್ದರಿಂದಲೇ ಕ್ರಮವೂ ದಾರಿ ತಪ್ಪಿದೆ.

ಬಾಟಲಿ ಹಿಡಿದು ನೀರಿಗಿಳಿಯುವವರ ಕೆಲಸವನ್ನು ನಾನು ಕಡೆಗಣಿಸುತ್ತಿಲ್ಲ. ಗಾಜಿನ ಬಿರಡೆಯ ಬಾಟಲಿಗೆ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಬೇಕು. ನಿಂತಲ್ಲೇ ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆಯೇ ಕ್ಷಾರೀಯ ಅಯೊಡೈಡ್ ದ್ರಾವಣ ಬಿಟ್ಟು ಬಾಟಲಿಯನ್ನು ಮೇಲೆ ಕೆಳಗೆ ತಿರುಗಿಸಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಗಸಿ ಕೂರುತ್ತದೆ, ಇಲ್ಲವಾದರೆ ಬಿಳಿ. ವಿಂಕ್ಲರ್ 1888ರಲ್ಲಿ ಕೊಟ್ಟ ಈ ವಿಧಾನ ಇಂದಿಗೂ ನಂಬಿಕೆಗೆ ಅರ್ಹ. ನನ್ನ ತಕರಾರು ಇರುವುದು ಬಾಟಲಿಯ ಉತ್ತರಕ್ಕೆ ನಾವು ಕಟ್ಟುವ ಅರ್ಥದ ಬಗ್ಗೆ.

ಬಿಒಡಿಯನ್ನೇ, ಅಂದರೆ ಕೊಳಚೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆಯನ್ನೇ ನೋಡೋಣ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ನದಿ ಪಾತ್ರಗಳನ್ನು ಕಲುಷಿತವೆಂದು ಗುರುತಿಸಿ ದರ್ಜೆ ಹಚ್ಚಿದ್ದು ಈ ಒಂದು ಮಾಪನದ ಮೇಲೆ. ಇದಕ್ಕೆ ಅಧಿಕೃತ ಸ್ಥಾನ ಕೊಟ್ಟದ್ದು ಬ್ರಿಟನ್ನಿನ ಕೊಳಚೆ ವಿಲೇವಾರಿ ರಾಯಲ್ ಕಮಿಷನ್ನಿನ 1912ರ ವರದಿ. ನದಿಗೆ ಬಿಡುವ ನೀರಿನ ಬಿಒಡಿ ಲೀಟರಿಗೆ 20 ಮಿಲಿಗ್ರಾಂ ಮೀರಬಾರದು ಎಂದ ಆ ವರದಿ, ನದಿಯಲ್ಲಿ ಅದನ್ನು ಕನಿಷ್ಠ 8 ಪಟ್ಟು ತೆಳುಗೊಳಿಸುವಷ್ಟು ಶುದ್ಧ ನೀರು ಹರಿಯುತ್ತಿದೆ ಎಂದು ಭಾವಿಸಿತ್ತು. ಅಲ್ಲಿ 5 ದಿನ ನಡೆಯುತ್ತಿದ್ದ ಪರೀಕ್ಷೆಯನ್ನು ನಮ್ಮ ಸೆಕೆಗೆ ಒಗ್ಗಿಸಿ 27 ಡಿಗ್ರಿಯಲ್ಲಿ 3 ದಿನಕ್ಕೆ ಇಳಿಸಿಕೊಂಡೆವು. ಮಿತಿಯನ್ನು 30ಕ್ಕೆ ಏರಿಸಿಕೊಂಡೆವು. ತೆಳುಗೊಳಿಸುವ ನೀರು ಎಲ್ಲಿದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಬಸವನಗುಡಿಯ ಬಳಿ ಹುಟ್ಟಿ ಮೈಸೂರು ರಸ್ತೆಯ ಪಕ್ಕದಲ್ಲೇ ಹರಿಯುವ ವೃಷಭಾವತಿಯಲ್ಲಿ ಬೇಸಿಗೆಯಲ್ಲಿ ಕಾಣುವುದೆಲ್ಲ ನಗರ ಹೊರಬಿಟ್ಟ ನೀರೇ. ಬೆರೆಯಲು ಅಲ್ಲಿ ಬೇರೆ ನದಿಯೇ ಇಲ್ಲ.

ಇದಕ್ಕಿಂತ ದೊಡ್ಡ ದೋಷ ಹರಿವನ್ನು ಅಳೆಯದೆ ಸಾಂದ್ರತೆಯೊಂದನ್ನೇ ಓದುವುದರಲ್ಲಿದೆ. ದಿನಕ್ಕೆ 100 ದಶಲಕ್ಷ ಲೀಟರ್ (ಎಂಎಲ್‌ಡಿ) ಹರಿಯುವ ತೊರೆಯಲ್ಲಿ ಬಿಒಡಿ 30 ಇದ್ದರೆ ಕೆಳಗಿನ ಕೆರೆಗೆ ಸೇರುವ ಹೊರೆ ದಿನಕ್ಕೆ 3,000 ಕೆಜಿ. ನಗರ ಬೆಳೆದು ಹರಿವು 400 ಎಂಎಲ್‌ಡಿ ಆಯಿತು, ಹೊಸ ಕೊಳಚೆ ಸಂಸ್ಕರಣಾ ಘಟಕ ಬಂದು ಬಿಒಡಿ 15ಕ್ಕೆ ಇಳಿಯಿತು ಎಂದುಕೊಳ್ಳಿ. ವರದಿಯಲ್ಲಿ ಮಾಲಿನ್ಯ ಅರ್ಧಕ್ಕೆ ಇಳಿದಂತೆ ಕಾಣುತ್ತದೆ, ಕೆರೆಗೆ ಬೀಳುವುದು 6,000 ಕೆಜಿ. ಇದು ಲೆಕ್ಕ ತಿಳಿಯಲು ನಾನೇ ಇಟ್ಟ ಉದಾಹರಣೆ. ಹೂಳಿನಲ್ಲಿ ಸೇರಿಕೊಳ್ಳುವ ಲೋಹಗಳಿಗೂ ಇದೇ ಗುಣಾಕಾರ ಅನ್ವಯಿಸುತ್ತದೆ. ವೃಷಭಾವತಿಯ ನೀರು ಸೇರುವ ಬೈರಮಂಗಲ ಕೆರೆಯ ತಳಕ್ಕೆ ವರ್ಷಗಟ್ಟಲೆ ಕೂತದ್ದು ಹೊರೆ, ಸರಾಸರಿ ಸಾಂದ್ರತೆಯಲ್ಲ.

ಬಿಒಡಿಯನ್ನು ಸಮರ್ಥಿಸುವವರು ಅದು ಕೊಳಚೆಯ ಒಟ್ಟು ಸೂಚಕ, ಅದು ಇಳಿದರೆ ಉಳಿದವೂ ಇಳಿಯುತ್ತವೆ ಎನ್ನುತ್ತಾರೆ. ಬರಿಯ ಮನೆಬಳಕೆಯ ಕೊಳಚೆಗೆ ಈ ಮಾತು ಬಹುಮಟ್ಟಿಗೆ ಸರಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ನೀರೂ ಸೇರುವ ಕಣಿವೆಗೆ ಇದು ಅಪಾಯಕಾರಿ. ಬಿಒಡಿ ಎಂದರೆ ಸೂಕ್ಷ್ಮಜೀವಿಗಳು ತಿಂದು ಉಸಿರಾಡಿದ್ದರ ಲೆಕ್ಕ. ಕ್ರೋಮಿಯಂ, ನಿಕಲ್, ತಾಮ್ರ ಹೆಚ್ಚಾದರೆ ಆ ಜೀವಿಗಳೇ ಕುಗ್ಗುತ್ತವೆ, ಅಂಕಿ ಇಳಿಯುತ್ತದೆ. ವಿಷ ಏರಿದಾಗ ಒಳ್ಳೆಯ ಫಲಿತಾಂಶ ಕೊಡಬಲ್ಲ ಪರೀಕ್ಷೆಯ ಮೇಲೆ ದರ್ಜೆ ಹಚ್ಚುವುದನ್ನು ನಾನು ವಿಜ್ಞಾನ ಎನ್ನಲಾರೆ.

ಇಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವನ್ನು ನೆನೆಯಲೇಬೇಕು. ಔಷಧ ಕಾರ್ಖಾನೆಗಳ ತ್ಯಾಜ್ಯ ಸಂಸ್ಕರಿಸುವ ಘಟಕದಿಂದ ಹೊರಬಂದ ನೀರಿನಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಲೀಟರಿಗೆ 31 ಮಿಲಿಗ್ರಾಂವರೆಗೆ ಇದೆ ಎಂದು ಯೊಆಕಿಮ್ ಲಾರ್ಸನ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆಯುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಬಿಒಡಿಯಾಗಲಿ, ರಾಸಾಯನಿಕ ಆಮ್ಲಜನಕ ಬೇಡಿಕೆಯನ್ನು ಅಳೆಯುವ ಸಿಒಡಿಯಾಗಲಿ ನೀರಿನಲ್ಲಿರುವುದು ಸಿಪ್ರೊಫ್ಲಾಕ್ಸಸಿನ್ ಎಂದು ಹೇಳಲಾರವು. ಈ ಶೋಧಕ್ಕೂ ಆಧಾರ ಬಾಟಲಿಯಲ್ಲಿ ತಂದ ನೀರೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದು. ಹೌದು. ಅಲ್ಲಿ ಕೇಳಿದ್ದು ‘ಏನಿದೆ’ ಎಂಬ ಪ್ರಶ್ನೆ, ಅದಕ್ಕೆ ಬಾಟಲಿ ಸಾಕು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ 1999–2000ರಲ್ಲಿ 139 ತೊರೆಗಳಲ್ಲಿ 95 ಸಂಯುಕ್ತಗಳನ್ನು ಹುಡುಕಿ, ಶೇ 80ರಷ್ಟು ತೊರೆಗಳಲ್ಲಿ ಒಂದಲ್ಲ ಒಂದನ್ನು ಕಂಡದ್ದೂ ಅಂಥ ಸಮೀಕ್ಷೆಯಲ್ಲೇ. ‘ಎಷ್ಟು, ಯಾವಾಗ, ಯಾರಿಂದ’ ಎಂದು ಕೇಳುವಾಗ ಒಂದು ಬಾಟಲಿ ಸಾಲದು. ದಂಡ ಹಾಕಲು, ಬೆಳೆಗಾರರಿಗೆ ಎಚ್ಚರಿಕೆ ಕೊಡಲು ನಮಗೆ ಬೇಕಿರುವುದು ಈ ಮೂರು ಉತ್ತರಗಳು.

ಹಾಗಾದರೆ ಎಲ್ಲೆಡೆ ಸೆನ್ಸರ್ ಹಾಕೋಣ ಎಂಬುದು ಈಗಿನ ಜನಪ್ರಿಯ ಉತ್ತರ. ಹೆಚ್ಚು ಮಾಲಿನ್ಯದ 17 ವರ್ಗಗಳ ಕೈಗಾರಿಕೆಗಳಿಗೆ ಆನ್‌ಲೈನ್ ಮಾಪನ ಕಡ್ಡಾಯ ಮಾಡುವ ಸೂಚನೆ 2014ರಲ್ಲೇ ಬಂತು. ಇಂಥ ಕಡೆ ಬಳಸುವ ಬಹಳಷ್ಟು ಸೆನ್ಸರ್‌ಗಳು ಬಿಒಡಿಯನ್ನು ನೇರವಾಗಿ ಅಳೆಯುವುದಿಲ್ಲ. ನೀರು ನೇರಳಾತೀತ ಬೆಳಕನ್ನು ಎಷ್ಟು ಹೀರಿತು ಎಂದು ನೋಡಿ ಬಿಒಡಿ, ಸಿಒಡಿಗಳನ್ನು ಅಂದಾಜು ಮಾಡುತ್ತವೆ. ಕರಗಿದ ಸೀಸ, ನಿಕಲ್ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಕೊಳಚೆಯಲ್ಲಿ ಮುಳುಗಿದ ಗಾಜಿಗೆ ಲೋಳೆ ಹತ್ತುವುದು ಬೇಗ, ಒರೆಸಿ ತಾಳೆ ನೋಡದಿದ್ದರೆ ಅಂಕಿ ಜಾರುತ್ತದೆ. ನಿಮಿಷಕ್ಕೊಂದು ಅಂಕಿ ಬಂದ ಮಾತ್ರಕ್ಕೆ ತಪ್ಪು ಅಂದಾಜು ಸರಿಯಾಗುವುದಿಲ್ಲ.

ನನ್ನ ಒತ್ತಾಯ ಇಷ್ಟೇ: ಕಾಲ ಮತ್ತು ಹರಿವು ಎರಡನ್ನೂ ಒಳಗೊಳ್ಳದ ಅಳತೆಯನ್ನು ನದಿಯ ಅಳತೆ ಎನ್ನಬಾರದು. ಸಾಧನಗಳು ಹೊಸವೇನಲ್ಲ. ಗಂಟೆಗಂಟೆಗೂ ತಾನೇ ನೀರೆಳೆದು ತಣ್ಣಗಿಡುವ ಆಟೊಸ್ಯಾಂಪ್ಲರ್ ಇದೆ. ಬ್ರಿಟನ್ನಿನ ಲ್ಯಾಂಕಾಸ್ಟರ್‌ನಲ್ಲಿ ಡೇವಿಸನ್ ಮತ್ತು ಜಾಂಗ್ 1994ರಲ್ಲಿ ರೂಪಿಸಿದ ಡಿಜಿಟಿ ಇದೆ. ಅದು ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಬಿಲ್ಲೆ. ಒಳಗಿನ ಜೆಲ್ ಪದರ ದಾಟಿ ಬಂದ ಲೋಹವನ್ನು ರೆಸಿನ್ ಹಿಡಿದಿಡುತ್ತದೆ, ವಾರವಿಡೀ ನೀರಲ್ಲಿಟ್ಟರೆ ಆ ವಾರದ ಸರಾಸರಿ ಸಿಗುತ್ತದೆ. ರಾತ್ರಿ ಟ್ಯಾಂಕರ್ ಬಂದು ಸುರಿದುಹೋಗುತ್ತದೆ ಎಂದು ದಡದ ಊರಿನವರು ದೂರುತ್ತಾರಲ್ಲ, ಆ ರಾತ್ರಿಯೂ ಅದರಲ್ಲಿ ದಾಖಲಾಗುತ್ತದೆ. ಇದಕ್ಕೂ ಲೋಳೆ ಹತ್ತುತ್ತದೆ, ಕೊಳಚೆಯಲ್ಲಿ ಇದರ ಲೆಕ್ಕವನ್ನು ಸ್ಥಳೀಯವಾಗಿ ತಾಳೆ ನೋಡಲೇಬೇಕು, ಸುರಿದ ಗಂಟೆ ಯಾವುದೆಂದು ಇದು ಹೇಳುವುದಿಲ್ಲ. ಆದ್ದರಿಂದ ಆಟೊಸ್ಯಾಂಪ್ಲರ್ ಜೊತೆಗಿರಬೇಕು.

ಖರ್ಚಿನ ಆಕ್ಷೇಪ ಬಂದೇ ಬರುತ್ತದೆ. ಆದರೆ ಮೊದಲ ಹೆಜ್ಜೆಗೆ ಯಂತ್ರದ ಖರ್ಚೇ ಇಲ್ಲ. ಬೈರಮಂಗಲದ ನಾಲೆಗಳ ನೀರಿನಲ್ಲಿ ಮೇವಿನ ಹುಲ್ಲು, ಬೇಬಿ ಕಾರ್ನ್ ಬೆಳೆಯುತ್ತಾರೆ. ನೀರಾವರಿಗೆ ಸಲ್ಲುವ ‘ಇ’ ದರ್ಜೆಗೆ ಕೇಂದ್ರ ಮಂಡಳಿ ಇಟ್ಟಿರುವ ಮಾನದಂಡ ಪಿಎಚ್, ವಿದ್ಯುತ್ ವಾಹಕತೆ, ಸೋಡಿಯಂ ಅನುಪಾತ, ಬೋರಾನ್ ಮಾತ್ರ. ಕ್ರೋಮಿಯಂ ಇಲ್ಲ, ನಿಕಲ್ ಇಲ್ಲ, ಕೋಲಿಫಾರ್ಮ್ ಕೂಡ ಇಲ್ಲ. ಮೊದಲು ಈ ದರ್ಜೆಗೆ ಲೋಹಗಳನ್ನು ಸೇರಿಸಲಿ, ಅದಕ್ಕೆ ಯಾವ ಯಂತ್ರವೂ ಬೇಡ. ಆಮೇಲೆ ಕೆರೆಯ ಒಳಹರಿವಿನಲ್ಲಿ ಒಂದು ಹರಿವು ಮಾಪಕ, ಒಂದು ಆಟೊಸ್ಯಾಂಪ್ಲರ್ ಕೂರಿಸಿ, ಫಲಿತಾಂಶವನ್ನು ದಿನಕ್ಕೆ ಎಷ್ಟು ಕೆಜಿ ಎಂದು ಪ್ರಕಟಿಸಲಿ. ಅಷ್ಟಾಗುವವರೆಗೆ, ಬಿಒಡಿ ಇಳಿಯಿತು, ನದಿ ಸುಧಾರಿಸಿತು ಎನ್ನುವ ಯಾವ ವರದಿಯನ್ನೂ ನಾನು ಒಪ್ಪಲಾರೆ.