ಆಂಶಿಕ ಅವಕಲನ: ಪರಿಭಾಷೆ ಮತ್ತು ಅರ್ಥಗ್ರಹಣ

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಹಾಗೂ ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಬಂದಂದಿನಿಂದ ಕನ್ನಡದ ವಿಜ್ಞಾನ ಬರವಣಿಗೆ ಪರಿಭಾಷೆಯ ಸಮಸ್ಯೆಯನ್ನು ಎದುರಿಸುತ್ತಲೇ ಬಂದಿದೆ. ಸಂಸ್ಕೃತಮೂಲದ ಪದವೊಂದು ದೊರೆತೊಡನೆ ಅರ್ಥವೂ ದೊರೆತಂತೆ ಎಂಬ ನಂಬಿಕೆ ಈ ಸಮಸ್ಯೆಯ ಒಂದು ಮುಖ. ‘ಆಂಶಿಕ ಅವಕಲನ’ ಇದಕ್ಕೆ ತಕ್ಕ ನಿದರ್ಶನ.

‘ಆಂಶಿಕ’ ಎಂದೊಡನೆ ಓದುಗನಿಗೆ ಹೊಳೆಯುವುದು ಅಪೂರ್ಣ ಎಂಬ ಅರ್ಥ. ವಾಸ್ತವವಾಗಿ ಅಲ್ಲಿ ಅಪೂರ್ಣವಾದುದೇನೂ ಇಲ್ಲ. ಹಲವು ಅಂಶಗಳನ್ನು ಅವಲಂಬಿಸಿದ ಪರಿಮಾಣವೊಂದು, ಉಳಿದವನ್ನು ಸ್ಥಿರವಾಗಿಟ್ಟು ಒಂದನ್ನಷ್ಟೇ ಬದಲಿಸಿದಾಗ ಯಾವ ದರದಲ್ಲಿ ಬದಲಾಗುತ್ತದೆ ಎಂಬುದೇ ಅದರ ತಿರುಳು. ಸ್ಥಿರವಾಗಿಟ್ಟದ್ದು ಯಾವುದು ಎಂಬ ಪ್ರಶ್ನೆಯನ್ನೇ ಈ ಪದ ಮರೆಸುತ್ತದೆ.

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗವನ್ನು ಬೆಳಗಿನ ಹೊತ್ತು ಉಷ್ಣತಾಮಾಪಕ ಹಿಡಿದು ಏರುವವನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ನಿಂತಲ್ಲೇ ನಿಂತರೆ ಬಿಸಿಲೇರಿದಂತೆ ಗಂಟೆಗೆ 2 ಡಿಗ್ರಿ ಏರುವುದೆಂದಿಟ್ಟುಕೊಂಡರೆ, ಅದು ಎತ್ತರವನ್ನು ಸ್ಥಿರವಾಗಿಟ್ಟ ದರ. ಹೊತ್ತನ್ನು ಸ್ಥಿರವಾಗಿಟ್ಟರೆ 1000 ಮೀಟರ್ ಎತ್ತರಕ್ಕೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಆತ ಗಂಟೆಗೆ 200 ಮೀಟರ್ ಎತ್ತರ ಏರಿದರೆ 2 ಡಿಗ್ರಿಯ ಏರಿಕೆಯಲ್ಲಿ 1.3 ಡಿಗ್ರಿ ಕಳೆದು, ಮಾಪಕ 0.7 ಡಿಗ್ರಿಯಷ್ಟೇ ಏರುತ್ತದೆ. ಪ್ರತಿ ಆಂಶಿಕ ದರವನ್ನೂ ಆಯಾ ಅಂಶದ ಸಣ್ಣ ಬದಲಾವಣೆಯಿಂದ ಗುಣಿಸಿ ಕೂಡಿದ ಮೊತ್ತವೇ ಪೂರ್ಣ ಅವಕಲ.

ಭೌತವಿಜ್ಞಾನದಲ್ಲಿ ಇದರ ಮಹತ್ವ ಇನ್ನೂ ಆಳವಾದುದು. ಬೆಟ್ಟವನ್ನು ಬೇರೆ ಬೇರೆ ದಾರಿಗಳಲ್ಲಿ ಏರಿದ ಇಬ್ಬರು ಗಳಿಸಿದ ಎತ್ತರ ಒಂದೇ; ನಡೆದ ದೂರ ಬೇರೆ. ಅನಿಲವೊಂದರ ಆಂತರಿಕ ಶಕ್ತಿ ಎತ್ತರದಂತೆ: ಅದರ ಬದಲಾವಣೆ ಆದಿ ಮತ್ತು ಅಂತ್ಯದ ಸ್ಥಿತಿಗಳನ್ನಷ್ಟೇ ಅವಲಂಬಿಸುತ್ತದೆ. ಆದುದರಿಂದಲೇ ಅದಕ್ಕೆ ಪೂರ್ಣ ಅವಕಲವಿದೆ. ಅನಿಲಕ್ಕೆ ಕೊಟ್ಟ ಉಷ್ಣವಾದರೋ ನಡೆದ ದೂರದಂತೆ, ದಾರಿಯನ್ನು ಅವಲಂಬಿಸಿದುದು. ಒಂದು ಕಿಲೋಗ್ರಾಂ ಒಣಗಾಳಿಯನ್ನು ಒಂದು ಡಿಗ್ರಿ ಕಾಯಿಸಲು, ಗಾತ್ರ ಸ್ಥಿರವಿದ್ದರೆ ಸುಮಾರು 718 ಜೌಲ್, ಒತ್ತಡ ಸ್ಥಿರವಿದ್ದರೆ ಸುಮಾರು 1005 ಜೌಲ್ ಬೇಕು. ಗಾಳಿ ಅದೇ, ಡಿಗ್ರಿ ಅದೇ. ಸ್ಥಿರವಾಗಿಟ್ಟದ್ದು ಬೇರೆಯಾದುದರಿಂದ ಉತ್ತರವೂ ಬೇರೆಯಾಯಿತು. ಯಾವುದನ್ನು ಸ್ಥಿರವಾಗಿಟ್ಟಿದೆ ಎಂದು ಹೇಳದ ಅಂಕಿಗೆ ಇಲ್ಲಿ ಅರ್ಥವಿಲ್ಲ.

ಜಾನಪದ ಅಧ್ಯಯನಕ್ಕೂ ಈ ಎಚ್ಚರ ಅಗತ್ಯ. ಮಳೆನಕ್ಷತ್ರಗಳನ್ನು ಕುರಿತ ರೈತರ ಮಾತುಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವಿಮರ್ಶೆಯೂ, ಸಾರ್ವಕಾಲಿಕ ಸತ್ಯವೆಂದು ಹೊಗಳುವ ವಿಮರ್ಶೆಯೂ ಒಂದೇ ತಪ್ಪನ್ನು ಮಾಡುತ್ತವೆ. ಮಳೆಯನ್ನೇ ನಂಬಿ ರಾಗಿ ಬಿತ್ತುವ ಈ ಸೀಮೆಯ ಕೆಂಪುಮಣ್ಣಿನ ಹೊಲದಲ್ಲಿ ಹುಟ್ಟಿದ ಮಾತು ಮಣ್ಣು, ತಳಿ, ಬಿತ್ತನೆಯ ಕ್ರಮಗಳನ್ನು ಹೇಳದೆಯೇ ಸ್ಥಿರವಾಗಿಟ್ಟಿರುತ್ತದೆ. ಅದನ್ನು ಕಾಲುವೆ ನೀರಿನ ಗದ್ದೆಗೆ ಅನ್ವಯಿಸಿ ಪರೀಕ್ಷಿಸುವುದು ಒತ್ತಡದ ಲೆಕ್ಕವನ್ನು ಗಾತ್ರದ ಲೆಕ್ಕವೆಂದು ಓದಿದಂತೆ. ಆಡಿದವರಿಗೂ ಕೇಳಿದವರಿಗೂ ತಿಳಿದೇ ಇದ್ದ ಈ ನಿಬಂಧನೆ ಸಂಗ್ರಾಹಕನ ಪುಟದಲ್ಲಿ ಬಿಟ್ಟುಹೋಗುತ್ತದೆ.

ಹೊಸ ಪದವನ್ನು ಟಂಕಿಸುವುದು ಇದಕ್ಕೆ ಪರಿಹಾರವಾಗಲಾರದು. ‘ಆಂಶಿಕ ಅವಕಲನ’ವೇ ಉಳಿಯಲಿ, ಆದರೆ ಕನ್ನಡದ ಪಠ್ಯ ಅದನ್ನು ಬಳಸುವಾಗಲೆಲ್ಲ ‘ಇಂಥದನ್ನು ಸ್ಥಿರವಾಗಿಟ್ಟು’ ಎಂಬ ಮಾತನ್ನೂ ಜೊತೆಗೆ ಬರೆಯಬೇಕು. ಜಾನಪದ ಸಂಗ್ರಹಗಳಿಗೂ ಈ ನಿಯಮ ಸಲ್ಲುತ್ತದೆ.