ಹಳೆಯ ಹಾರ್ಮೋನಿಯಂ ಕೊಳ್ಳುವ ಮುನ್ನ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಭಜನಾ ಮೇಳಗಳಿಗೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಉಸಿರು. ಮೇಳದವರು ಪಟ್ಟಿ ಕೂಡಿಸಿ ಹಳೆಯ ಹಾರ್ಮೋನಿಯಂ ಕೊಳ್ಳಲು ಹೊರಟರೆ ಕೇಳಿಬರುವ ಮಾತು ಒಂದೇ: 'ಹಳೆಯದಾದಷ್ಟೂ ನಾದ ಇಂಪು.' ಇದನ್ನು ಪರೀಕ್ಷಿಸದೆ ಒಪ್ಪಬಹುದೇ?

ಹಾರ್ಮೋನಿಯಂನಲ್ಲಿ ಸ್ವರ ಹುಟ್ಟುವುದು ಲೋಹದ ರೀಡಿನ ಕಂಪನದಿಂದ. ಅದರ ಆವೃತ್ತಿಯನ್ನು ಮುಖ್ಯವಾಗಿ ನಿರ್ಧರಿಸುವುದು ರೀಡಿನ ಉದ್ದ, ದಪ್ಪಗಳೇ ಹೊರತು ಪೆಟ್ಟಿಗೆಯ ವಯಸ್ಸಲ್ಲ. ವಯಸ್ಸು ತರುವುದು ಕಿಲುಬು, ದೂಳು, ಸೋರುವ ತಿದಿ.

ಪಿಟೀಲಿನ ಬಗ್ಗೆಯೂ ಇಂಥದೇ ನಂಬಿಕೆ ಇದೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೌಡಿಯಾ ಫ್ರಿಟ್ಜ್ ತಂಡವು 21 ವಾದಕರಿಗೆ ಗುರುತು ಸಿಗದಂತೆ ಹಳೆಯ ಮತ್ತು ಹೊಸ ಪಿಟೀಲುಗಳನ್ನು ನುಡಿಸಲು ಕೊಟ್ಟಿತು. ಹೆಚ್ಚಿನವರು ಮೆಚ್ಚಿದ್ದು ಹೊಸದನ್ನು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿಯಸ್!

ಹಾಗಾದರೆ ನೀವೇ ಪರೀಕ್ಷಿಸಿ. ಯಾವ ಮನೆಯನ್ನೂ ಒತ್ತದೆ ತಿದಿಗೆ ಗಾಳಿ ತುಂಬಿ. ಅದು ಬೇಗ ಕುಸಿದರೆ ಸೋರಿಕೆ ಇದೆ. ಬಳಿಕ ಮಧ್ಯ ಷಡ್ಜವನ್ನೂ ತಾರ ಷಡ್ಜವನ್ನೂ ಒಟ್ಟಿಗೆ ನುಡಿಸಿ. ಅನುಪಾತ 1:2 ಇರಬೇಕು. ಮಧ್ಯದ್ದು 220 ಹರ್ಟ್ಸ್, ತಾರದ್ದು 442 ಇದ್ದರೆ, 440ರ ಉಪಸ್ವರದೊಡನೆ ಸೆಕೆಂಡಿಗೆ 2 ಬಾರಿ ನಾದ ಏರಿಳಿಯುತ್ತದೆ. ಇದೇ ವಿಸ್ಪಂದ, ಕಿವಿಗೇ ತಿಳಿಯುತ್ತದೆ.

ಶ್ರುತಿದೋಷ ಬಂದರೆ ಹೆದರಬೇಡಿ. ರೀಡಿನ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಆದರೆ ಬಿರುಕು ಬಿಟ್ಟ ರೀಡನ್ನು ಬದಲಿಸಲೇಬೇಕು. ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬೆಲೆ ಕಟ್ಟಬೇಕಾದ್ದು ವಾದ್ಯದ ಸ್ಥಿತಿಗೆ, ವಯಸ್ಸಿಗಲ್ಲ. ಮೇಳದ ಹಣ ಹತ್ತು ಮನೆಯ ಬೆವರು.