ಮೂರಕ್ಕೆ ನಾಲ್ಕೋ, ಐದೋ

ಹಣ್ಣುನೊಣದ ಡಿಎಸ್‌ಕ್ಯಾಮ್ ಜೀನೊಂದರಿಂದಲೇ 38,016 ರೂಪಗಳು ಸಾಧ್ಯ ಎಂಬ ಲೆಕ್ಕವನ್ನು ಈ ವಾರ ಬಿಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕಿರಲಿ. ಎರಡೇ ರೂಪಗಳ ಕ್ಯಾಲ್ಸಿಟೋನಿನ್ ಜೀನ್ ನನಗೆ ಅದಕ್ಕಿಂತ ರುಚಿ.

ಸೂಸನ್ ಅಮಾರಾ, ಮೈಕಲ್ ರೋಸನ್‌ಫೆಲ್ಡ್, ರೊನಾಲ್ಡ್ ಇವಾನ್ಸ್ ಮತ್ತು ಸಂಗಡಿಗರು 1982ರಲ್ಲಿ 'ನೇಚರ್'ನಲ್ಲಿ ಪ್ರಕಟಿಸಿದ ಪ್ರಬಂಧವನ್ನು ಆಗಾಗ ತೆಗೆದು ಓದುತ್ತಿರುತ್ತೇನೆ. ಇಲಿಯ ಥೈರಾಯ್ಡ್ ಗೆಡ್ಡೆಯನ್ನು ಒಂದು ಇಲಿಯಿಂದ ಇನ್ನೊಂದಕ್ಕೆ ನೆಡುತ್ತ ಹೋದಾಗ ಕೆಲವು ಗೆಡ್ಡೆಗಳಲ್ಲಿ ಕ್ಯಾಲ್ಸಿಟೋನಿನ್ ಇಳಿದುಹೋಯಿತು. ಜೀನ್ ಬಾಯಿ ಮುಚ್ಚಿತೆಂದು ಕೈತೊಳೆದುಕೊಳ್ಳಬಹುದಿತ್ತು. ಇವರು ಆರ್‌ಎನ್‌ಎ ತೆಗೆದು ಗಾತ್ರ ನೋಡಿದರು. ಜೀನ್ ಸುಮ್ಮನಿರಲಿಲ್ಲ, ಬೇರೊಂದು ಗಾತ್ರದ ಸಂದೇಶ ಹೊರಡಿಸುತ್ತಿತ್ತು! ಅದರ ಅಕ್ಷರಗಳನ್ನೇ ಓದಿ, ಅದುವರೆಗೆ ಯಾರೂ ಕಂಡಿರದ ಪೆಪ್ಟೈಡೊಂದು ಇರಬೇಕೆಂದು ಊಹಿಸಿದರು. ಮರುವರ್ಷ ಅದು ಇಲಿಯ ನರಮಂಡಲದಲ್ಲಿ ಸಿಕ್ಕಿತು. ಅದೇ ಸಿಜಿಆರ್‌ಪಿ.

ಆರು ಎಕ್ಸಾನ್‌ಗಳಲ್ಲಿ ಮೊದಲ ಮೂರು ಎರಡಕ್ಕೂ ಒಂದೇ. ಥೈರಾಯ್ಡಿನ ಸಿ ಕೋಶದಲ್ಲಿ ಮೂರಕ್ಕೆ ನಾಲ್ಕು ಕೂಡಿ ಸಂದೇಶ ಅಲ್ಲೇ ಮುಗಿಯುತ್ತದೆ. ಸಿಗುವುದು 32 ಅಮೈನೊ ಆಮ್ಲಗಳ, ರಕ್ತದ ಕ್ಯಾಲ್ಸಿಯಂ ತಗ್ಗಿಸುವ ಹಾರ್ಮೋನು. ನರಕೋಶದಲ್ಲಿ ನಾಲ್ಕನ್ನು ಬಿಟ್ಟು ಮೂರಕ್ಕೆ ಐದು, ಆರು ಕೂಡುತ್ತವೆ. ಆಗ 37 ಅಮೈನೊ ಆಮ್ಲಗಳ, ರಕ್ತನಾಳ ಹಿಗ್ಗಿಸುವ ಸಿಜಿಆರ್‌ಪಿ. ನಾಲ್ಕರ ಅಂಚಿನ ಸ್ಪ್ಲೈಸಿಂಗ್ ಗುರುತೇ ದುರ್ಬಲ, ನೆರವಿನ ಪ್ರೋಟೀನುಗಳು ಬೇಕು. ನರಕೋಶದಲ್ಲಾದರೋ ಫಾಕ್ಸ್ ಪ್ರೋಟೀನುಗಳು ಯುಜಿಸಿಎಯುಜಿ ಎಂಬ ಆರಕ್ಷರಕ್ಕೆ ಅಂಟಿಕೊಂಡು ನಾಲ್ಕನ್ನು ಒಳಸೇರದಂತೆ ತಡೆಯುತ್ತವೆ.

ಜೀನಿಗೊಂದು ಸಾಲು, ಸಾಲಿಗೆ ಕೆಂಪು-ನೀಲಿ ಬಣ್ಣ ಹಚ್ಚುವ ಹೀಟ್‌ಮ್ಯಾಪ್ ಪಂಥದೊಂದಿಗೆ ನನ್ನ ಹಳೆಯ ಜಗಳ ಇರುವುದು ಇಲ್ಲೇ. ಆ ಚಿತ್ರದಲ್ಲಿ ಸಿ ಕೋಶವೂ ಕೆಂಪು, ನೋವಿನ ನರಕೋಶವೂ ಕೆಂಪು. ಕ್ಯಾಲ್ಸಿಟೋನಿನ್ ಅನ್ನು ಪೇಜೆಟ್ ಮೂಳೆರೋಗಕ್ಕೆ ಕೊಡುತ್ತಾರೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎರೆನುಮ್ಯಾಬ್, ಸಿಜಿಆರ್‌ಪಿಯ ಗ್ರಾಹಕವನ್ನು ತಡೆದು ಮೈಗ್ರೇನ್ ತಗ್ಗಿಸುತ್ತದೆ. ವೈದ್ಯರಿಗೆ ಇವು ಎರಡು ಬೇರೆ ಲೋಕ, ಆ ಚಿತ್ರಕ್ಕೆ ಒಂದೇ ಸಾಲು. ತಂತ್ರವನ್ನು ದೂರುವಂತೆಯೂ ಇಲ್ಲ. ಆರ್‌ಎನ್‌ಎಯ ಬಾಲದ ತುದಿಯನ್ನಷ್ಟೇ ಓದುವ ಏಕಕೋಶ ವಿಧಾನಕ್ಕೂ ಇಲ್ಲಿ ವ್ಯತ್ಯಾಸ ಸಿಗಬಲ್ಲದು, ಒಂದು ಸಂದೇಶ ನಾಲ್ಕರಲ್ಲಿ ಮುಗಿದರೆ ಇನ್ನೊಂದು ಆರರಲ್ಲಿ ಮುಗಿಯುತ್ತದಲ್ಲ. ಎರಡನ್ನೂ ಒಂದೇ ಖಾತೆಗೆ ಜಮಾ ಮಾಡುವವರು ನಾವು.